ಹೊರಗೆ ಜಡಿಮಳೆ, ಟ್ಯಾಂಕ್ ಒಳಗೆ ಒಣ ಹವೆ: ಸಾಕಿದ ಹಾವಿಗೆ ಬಿಸಿ ಎಷ್ಟು, ತೇವ ಎಷ್ಟು?

ಪ್ರಶ್ನೆ: ನಮ್ಮದು ಚಿಕ್ಕಮಗಳೂರು. ಎರಡೂವರೆ ವರ್ಷದ ಬಾಲ್ ಪೈಥಾನ್ (ಆಫ್ರಿಕಾದ ಸಣ್ಣ ಹೆಬ್ಬಾವು) ಇದೆ, ಮೂರಡಿ ಗಾಜಿನ ಟ್ಯಾಂಕ್, ಮೇಲೆ ಜಾಲರಿ ಮುಚ್ಚಳ, ಕೆಳಗೆ ಹೀಟ್ ಮ್ಯಾಟ್, ಅಂದ್ರೆ ಕರೆಂಟಲ್ಲಿ ಬಿಸಿಯಾಗೋ ಹಾಸು. ಹೊರಗೆ ಒಂದೇ ಸಮ ಮಳೆ, ರೂಮಿನ ತೇವದ ಮೀಟರ್ 90 ಪರ್ಸೆಂಟಿನ ಮೇಲೆ ತೋರಿಸತ್ತೆ, ಆದ್ರೆ ಟ್ಯಾಂಕ್ ಒಳಗೆ ಹ್ಯುಮಿಡಿಟಿ (ಗಾಳಿಯ ತೇವ) 40 ದಾಟಲ್ಲ. ದಿನಕ್ಕೆ ಮೂರು ಸಲ ಸ್ಪ್ರೇ ಮಾಡ್ತಿದ್ದೀನಿ. ಆದ್ರೂ ಪೊರೆ ತುಂಡು ತುಂಡಾಗಿ ಬಂತು. ಐದು ವಾರದಿಂದ ಊಟ ಮಾಡಿಲ್ಲ. ರಾತ್ರಿ ಹನ್ನೊಂದಕ್ಕೆ ಮ್ಯಾಟ್ ಆಫ್ ಮಾಡ್ತೀನಿ, ಶಾರ್ಟ್ ಸರ್ಕ್ಯೂಟ್ ಆಗ್ಬಹುದು ಅಂತ ಭಯ. ಈಗ ನಾಲ್ಕು ದಿನದಿಂದ ಉಸಿರಾಡುವಾಗ ಸಣ್ಣಗೆ ಟಿಕ್ ಟಿಕ್ ಅಂತ ಸದ್ದು ಬರ್ತಿದೆ. ಏನ್ ಮಾಡ್ಲಿ?

ಉತ್ತರ: ಮೊದಲು ಆ ಸದ್ದಿನ ವಿಷಯ ಮಾತಾಡೋಣ, ಟ್ಯಾಂಕ್ ಆಮೇಲೆ ನೋಡೋಣ. ಪೊರೆ ತುಂಡಾಗಿ ಬಂದಾಗ ಮೂಗಿನ ಹೊಳ್ಳೆಯಲ್ಲಿ ಒಂದು ಚೂರು ಪೊರೆ ಸಿಕ್ಕೊಂಡ್ರೂ ಇಂಥದೇ ಸದ್ದು ಬರತ್ತೆ, ಹಾಗಾಗಿ ಒಳ್ಳೆ ಬೆಳಕಲ್ಲಿ ಮೂಗು ನೋಡಿ. ಮೂಗು ಕ್ಲೀನ್ ಆಗಿದ್ದೂ ಸದ್ದು ಬರ್ತಿದ್ರೆ, ಅಥವಾ ಬಾಯಿ ಅಂಚಲ್ಲಿ ಲೋಳೆ, ಗುಳ್ಳೆ ಕಂಡ್ರೆ, ಬಾಯಿ ಸ್ವಲ್ಪ ತೆರೆದು ಉಸಿರಾಡ್ತಿದ್ರೆ, ತಲೆ ಮೇಲಕ್ಕೆತ್ತಿ ಗಾಜಿಗೆ ಒರಗಿಸಿಕೊಂಡು ಕೂತಿದ್ರೆ ಅದು ಶ್ವಾಸಕೋಶದ ಸೋಂಕು ಅಂತಾನೇ ತಿಳ್ಕೊಂಡು ನಾಳೆಯೇ ಹಾವು ನೋಡಿ ಗೊತ್ತಿರೋ ಪಶುವೈದ್ಯರ ಹತ್ರ ಕರ್ಕೊಂಡು ಹೋಗಿ. ಹಾವಿಗೆ ನಮ್ಮ ಹಾಗೆ ಡಯಾಫ್ರಾಂ (ಎದೆ ಹೊಟ್ಟೆ ನಡುವಿನ ಉಸಿರಾಟದ ಸ್ನಾಯು) ಇಲ್ಲ, ಕೆಮ್ಮಿ ಕಫ ಹೊರಗೆ ಹಾಕೋಕೆ ಆಗಲ್ಲ, ಒಳಗೆ ಸೇರಿದ್ದು ಒಳಗೇ ಕೂರತ್ತೆ. ಅದಕ್ಕೇ ನಾಲ್ಕು ದಿನ ಅನ್ನೋದು ಸಣ್ಣ ವಿಷಯ ಅಲ್ಲ. ಮನೆಯಲ್ಲಿ ಇರೋ ಮನುಷ್ಯರ ಆ್ಯಂಟಿಬಯಾಟಿಕ್ ಕೊಡ್ಬೇಡಿ, ಹಬೆ ಹಿಡಿಸ್ಬೇಡಿ, ನೀಲಗಿರಿ ಎಣ್ಣೆ ಹತ್ರಾನೂ ತರ್ಬೇಡಿ. ಆ ರೂಮಲ್ಲಿ ಸೊಳ್ಳೆ ಬತ್ತಿ, ಸೊಳ್ಳೆ ಲಿಕ್ವಿಡ್, ಸಾಂಬ್ರಾಣಿ ಎಲ್ಲಾ ಇವತ್ತಿಂದಲೇ ನಿಲ್ಸಿ. ಇವತ್ತು ರಾತ್ರಿಯಿಂದ ಮಾಡ್ಬೇಕಾದ ಕೆಲಸ ಒಂದೇ, ಬಿಸಿ ಆಫ್ ಮಾಡ್ಬೇಡಿ. ಗುಣ ಆಗೋ ತನಕ ಟ್ಯಾಂಕಿನ ಬೆಚ್ಚನೆ ಬದಿ 32 ಡಿಗ್ರಿ, ತಂಪು ಬದಿ 26ಕ್ಕಿಂತ ಕಮ್ಮಿ ಇಳೀಬಾರ್ದು, ಇಪ್ಪತ್ನಾಲ್ಕು ಗಂಟೆಯೂ. ಹಾವು ತಣ್ಣನೆ ರಕ್ತದ ಪ್ರಾಣಿ, ಅದರ ರೋಗನಿರೋಧಕ ಶಕ್ತಿ ಕೆಲಸ ಮಾಡೋದೇ ಮೈ ಬೆಚ್ಚಗಿದ್ದಾಗ, ಡಾಕ್ಟ್ರು ಕೊಟ್ಟ ಇಂಜೆಕ್ಷನ್ ಕೂಡ ತಣ್ಣಗಿರೋ ಮೈಯಲ್ಲಿ ಸರಿಯಾಗಿ ಕೆಲಸ ಮಾಡಲ್ಲ.

ಈಗ ನಿಮ್ಮ ಪ್ರಶ್ನೆಯ ಒಳಗಿರೋ ಒಗಟು. ಹೊರಗೆ 90, ಒಳಗೆ 40. ಮೀಟರ್ ಕೆಟ್ಟಿದೆ ಅಂತ ಎಷ್ಟೋ ಜನ ಹೊಸ ಮೀಟರ್ ತಗೊಳ್ತಾರೆ, ಅದೂ 40 ಅನ್ನತ್ತೆ. ಮೀಟರ್ ಸರಿಯಾಗೇ ಇದೆ. ನಮ್ಮ ಮಲೆನಾಡಿನ ಯಾವ ಮನೆಯಲ್ಲಾದ್ರೂ ಆಷಾಢದಲ್ಲಿ ನೋಡಿ, ಜಗಲಿಯಲ್ಲಿ ಹರವಿದ ಬಟ್ಟೆ ನಾಲ್ಕು ದಿನ ಆದ್ರೂ ಒಣಗಲ್ಲ, ಮುಗ್ಗುಲು ವಾಸನೆ ಬರತ್ತೆ, ಅದೇ ಬಟ್ಟೆ ಬಚ್ಚಲೊಲೆ ಮೇಲೆ ಕಟ್ಟಿದ ಗಳಕ್ಕೆ ಹಾಕಿದ್ರೆ ಒಂದು ರಾತ್ರಿಗೆ ಗರಿಗರಿ. ಎರಡೂ ಕಡೆ ಇರೋದು ಅದೇ ಗಾಳಿ, ಅದೇ ನೀರಿನಂಶ. ಆದ್ರೆ ಗಾಳಿ ಬಿಸಿ ಆದ ಹಾಗೆ ಅದಕ್ಕೆ ನೀರು ಹಿಡಿಯೋ ಶಕ್ತಿ ಜಾಸ್ತಿ ಆಗತ್ತೆ, ಅಂದ್ರೆ ಬಾಯಾರಿಕೆ ಜಾಸ್ತಿ. 19 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದ್ರೆ 16 ಗ್ರಾಂ ನೀರಾವಿ ಹಿಡ್ಕೊಳ್ಳತ್ತೆ, 31 ಡಿಗ್ರಿಯಲ್ಲಿ ಸುಮಾರು 32 ಗ್ರಾಂ, ಹತ್ರ ಹತ್ರ ಡಬಲ್. ನಿಮ್ಮ ರೂಮಲ್ಲಿ 19 ಡಿಗ್ರಿ, 95 ಪರ್ಸೆಂಟ್ ಇದ್ದ ಗಾಳಿ ಟ್ಯಾಂಕ್ ಒಳಗೆ ಹೋಗಿ 31ಕ್ಕೆ ಬಿಸಿ ಆದ್ರೆ ಒಂದು ಹನಿ ನೀರೂ ಕಮ್ಮಿ ಆಗದೇ ಬರೀ ಬಿಸಿಯಿಂದಲೇ 46 ಪರ್ಸೆಂಟಿಗೆ ಇಳಿಯತ್ತೆ. ಡಿಸೆಂಬರ್ ರಾತ್ರಿ 14 ಡಿಗ್ರಿ, 80 ಪರ್ಸೆಂಟ್ ಗಾಳಿಯನ್ನ 30ಕ್ಕೆ ಕಾಯಿಸಿದ್ರೆ ಬರೀ 30 ಪರ್ಸೆಂಟ್ ಉಳಿಯತ್ತೆ. ಮೀಟರ್ ತೋರಿಸೋದು ಗಾಳಿಯಲ್ಲಿ ನೀರು ಎಷ್ಟಿದೆ ಅಂತ ಅಲ್ಲ, ಆ ಬಿಸಿಯಲ್ಲಿ ಎಷ್ಟು ಹಿಡೀಬಹುದಿತ್ತೋ ಅದರಲ್ಲಿ ಎಷ್ಟು ಪಾಲು ಇದೆ ಅಂತ.

ಇದು ತಲೇಲಿ ಕೂತ್ರೆ ನಿಮ್ಮ ಹಾವಿಗೆ ಏನಾಗಿದೆ ಅನ್ನೋದು ತಾನಾಗೇ ಗೊತ್ತಾಗತ್ತೆ. ಹಗಲು ಮ್ಯಾಟ್ ಆನ್, ಜಾಲರಿ ಮುಚ್ಚಳದಿಂದ ಬೆಚ್ಚನೆ ಗಾಳಿ ಮೇಲೆ ಹೋಗ್ತಾ ಇರತ್ತೆ, ಬದಲಿಗೆ ರೂಮಿನ ಥಂಡಿ ಗಾಳಿ ಒಳಗೆ ಬಂದು ಬಿಸಿಯಾಗಿ ಒಣಗತ್ತೆ, ನೀವು ಸ್ಪ್ರೇ ಮಾಡಿದ್ದು ಅರ್ಧ ಗಂಟೆಯಲ್ಲಿ ಹಾರಿ ಹೋಗತ್ತೆ, ಪೊರೆಗೆ ಬೇಕಾದ ತೇವ ಸಿಗಲ್ಲ. ರಾತ್ರಿ ಹನ್ನೊಂದಕ್ಕೆ ಮ್ಯಾಟ್ ಆಫ್. ಬೆಳಗಿನ ಜಾವದ ಹೊತ್ತಿಗೆ ಟ್ಯಾಂಕ್ 19-20ಕ್ಕೆ ಇಳಿಯತ್ತೆ, ಆಗ ಸಂಜೆ ಸ್ಪ್ರೇ ಮಾಡಿದ ನೀರೆಲ್ಲಾ ಗಾಜಿನ ಮೇಲೆ ಇಬ್ಬನಿ ಥರ ಕೂತು ಕೆಳಗೆ ಹಾಸಿರೋದು ತಣ್ಣಗೆ ಒದ್ದೆ ಆಗತ್ತೆ. ಬೆಳಗ್ಗೆ ಎದ್ದಾಗ ಗಾಜು ಮಬ್ಬಾಗಿರೋದು ನೀವು ನೋಡಿರ್ತೀರ. ಹಗಲು ಒಣ ಬಿಸಿ, ರಾತ್ರಿ ಒದ್ದೆ ಥಂಡಿ, ಎರಡೂ ತಪ್ಪು ಒಂದೇ ಟ್ಯಾಂಕಲ್ಲಿ. ಈ ಎರಡನೇದೇ ಹಾವಿನ ಶ್ವಾಸಕೋಶ ಕೆಡಿಸೋದು. ತೇವ ಒಂದರಿಂದಲೇ ಕಾಯಿಲೆ ಬರೋದು ಕಮ್ಮಿ, ಥಂಡಿ ಒಂದರಿಂದಲೂ ಒಂದೆರಡು ದಿನ ತಡ್ಕೊಳ್ಳತ್ತೆ, ಎರಡೂ ಕೂಡಿದ್ರೆ ತಡ್ಕೊಳ್ಳಲ್ಲ. ಹಾಗಾಗಿ ನಾನು ಯಾರಿಗೇ ಆದ್ರೂ ಹೇಳೋ ಮೊದಲ ಮಾತು, ಬಿಸಿ ಸರಿ ಮಾಡೋ ತನಕ ಹ್ಯುಮಿಡಿಟಿ ಹಿಂದೆ ಓಡ್ಬೇಡಿ, ಸ್ಪ್ರೇ ಬಾಟ್ಲಿ ಪಕ್ಕಕ್ಕಿಡಿ.

ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ್ದು, ಹಗಲು ಹೊತ್ತಲ್ಲಿ ಇಲಿ ಹೆಗ್ಗಣ ತೋಡಿದ ಬಿಲದೊಳಗೆ, ಗೆದ್ದಲು ಹುತ್ತದೊಳಗೆ ಇರೋ ಹಾವು. ಹೊರಗೆ ಎಷ್ಟೇ ಬಿಸಿಲು ಒಣ ಹವೆ ಇದ್ರೂ ಬಿಲದೊಳಗೆ ಬೆಚ್ಚಗೆ, ಸ್ವಲ್ಪ ತೇವ, ಗಾಳಿ ಹೆಚ್ಚು ಅಲುಗಾಡಲ್ಲ. ನಾವು ಟ್ಯಾಂಕಲ್ಲಿ ಮಾಡ್ಬೇಕಾಗಿರೋದು ಆ ಬಿಲವನ್ನೇ. ಬೆಚ್ಚನೆ ಬದಿಯಲ್ಲಿ ಹಾವು ಮಲಗೋ ಜಾಗ 31ರಿಂದ 33, ತಂಪು ಬದಿ 25-27, ರಾತ್ರಿ ಎಲ್ಲೂ 24ಕ್ಕಿಂತ ಕೆಳಗೆ ಬೇಡ. ಹ್ಯುಮಿಡಿಟಿ ಮಾಮೂಲಿ ದಿನ 55ರಿಂದ 70, ಕಣ್ಣು ನೀಲಿ ತಿರುಗಿ ಪೊರೆ ಬಿಡೋ ಹೊತ್ತಲ್ಲಿ 70-80. ಕಾರ್ನ್ ಸ್ನೇಕ್ (ಅಮೆರಿಕದ ಇನ್ನೊಂದು ಸಾಕು ಹಾವು) ಸಾಕಿರೋರು ಈ ಲೆಕ್ಕ ಹಿಡೀಬೇಡಿ, ಅದಕ್ಕೆ ಬೆಚ್ಚನೆ ಬದಿ 29-31, ತಂಪು ಬದಿ 22-24, ತೇವ 40-60 ಸಾಕು.

ಹೀಟ್ ಮ್ಯಾಟ್ ಇಟ್ರೆ ಟ್ಯಾಂಕ್ ಪೂರ್ತಿ ಬೆಚ್ಚಗಾಗತ್ತೆ ಅನ್ನೋ ತಪ್ಪು ತಿಳುವಳಿಕೆ ಇದೆ. ಅದು ನೆಲ ಬಿಸಿ ಮಾಡತ್ತೆ, ಗಾಳಿಯನ್ನ ಅಷ್ಟಾಗಿ ಬಿಸಿ ಮಾಡಲ್ಲ. ಚೆನ್ನೈಯಲ್ಲಿ ಸಾಕೋರಿಗೆ ಒಂದು ಮ್ಯಾಟ್ ಸಾಕಾಗತ್ತೆ, ಅವರು ಹೇಳಿದ್ದನ್ನೇ ಕೇಳಿ ಇಲ್ಲಿ ಸಾವಿರ ಮೀಟರ್ ಎತ್ತರದ ಊರಲ್ಲಿ ಜುಲೈ, ಜನವರಿಯಲ್ಲಿ ಬರೀ ಮ್ಯಾಟ್ ಇಟ್ರೆ ಹೊಟ್ಟೆ ಮಾತ್ರ ಬೆಚ್ಚಗೆ, ಎಳ್ಕೊಳ್ಳೋ ಉಸಿರು ಥಂಡಿ. ಹಾವು ಯಾವಾಗ್ಲೂ ಮ್ಯಾಟ್ ಮೇಲೇ ಸುತ್ತಿಕೊಂಡು ಕೂತಿದ್ರೆ ಅದು ಸುಖವಾಗಿದೆ ಅಂತ ಅಲ್ಲ, ಬೇರೆ ಎಲ್ಲೂ ಬೆಚ್ಚಗಿಲ್ಲ ಅಂತ. ಇಲ್ಲಿಗೆ ಮೇಲಿಂದ ಬಿಸಿ ಬೇಕು, 60ರಿಂದ 100 ವ್ಯಾಟಿನ ಸೆರಾಮಿಕ್ ಹೀಟರ್. ಇದು ಬೆಳಕು ಕೊಡಲ್ಲ, ರಾತ್ರಿಯೂ ಉರೀಬಹುದು. ಹೋಲ್ಡರ್ ಪಿಂಗಾಣಿಯದ್ದೇ ಆಗಿರ್ಬೇಕು, ಪ್ಲಾಸ್ಟಿಕ್ ಹೋಲ್ಡರ್ ಕರಗತ್ತೆ, ಮತ್ತೆ ಸುತ್ತ ತಂತಿ ಪಂಜರ ಇಲ್ದೇ ಹಾಕ್ಬೇಡಿ, ಹಾವು ಬೆಚ್ಚಗಿದೆ ಅಂತ ಹೋಗಿ ಸುತ್ತಿಕೊಂಡು ಸುಟ್ಕೊಳ್ಳತ್ತೆ. ಪ್ಲಗ್ಗಿಗೆ ಹಾಕೋ ಬಿಸಿ ಕಲ್ಲು ಅಂತ ಮಾರ್ತಾರಲ್ಲ, ಅದು ಬೇಡವೇ ಬೇಡ.

ಮತ್ತೆ ಥರ್ಮೋಸ್ಟ್ಯಾಟ್, ಅಂದ್ರೆ ಬಿಸಿ ನೋಡ್ಕೊಂಡು ಹೀಟರನ್ನ ತಾನೇ ಆನ್ ಆಫ್ ಮಾಡೋ ಸಾಧನ. ನಿಮ್ಮ ಪತ್ರದಲ್ಲಿ ಅದರ ಮಾತೇ ಇಲ್ಲ, ಹಾಗಾಗಿ ಇಲ್ಲ ಅಂತಲೇ ತಿಳ್ಕೊಳ್ತೀನಿ. ಶಾರ್ಟ್ ಸರ್ಕ್ಯೂಟ್ ಭಯ ಇದೆ ಅಂದ್ರಲ್ಲ, ಆ ಭಯಕ್ಕೆ ಔಷಧಿ ರಾತ್ರಿ ಸ್ವಿಚ್ ಆಫ್ ಮಾಡೋದಲ್ಲ, ಒಳ್ಳೆ ಥರ್ಮೋಸ್ಟ್ಯಾಟ್ ಹಾಕಿಸಿ ಮನೆ ಲೈನಿಗೆ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಲೈನ್ ಕಟ್ ಮಾಡೋ ಸ್ವಿಚ್) ಹಾಕಿಸೋದು. ಥರ್ಮೋಸ್ಟ್ಯಾಟ್ ಇಲ್ಲದ ಮ್ಯಾಟ್ 45 ಡಿಗ್ರಿ ದಾಟೋದು ದೊಡ್ಡ ವಿಷಯ ಅಲ್ಲ, ಹಾವಿಗೆ ಹೊಟ್ಟೆ ಅಡಿ ಸುಡ್ತಿರೋದು ನಮಗೆ ಗೊತ್ತಾಗೋ ಹಾಗೆ ಗೊತ್ತಾಗಲ್ಲ, ಎದ್ದು ಹೋಗದೇ ಅಲ್ಲೇ ಮಲಗಿ ಸುಟ್ಕೊಂಡಿರೋದನ್ನ ನನ್ನ ಕ್ಲಿನಿಕ್ಕಿನ ಟೇಬಲ್ ಮೇಲೆ ನೋಡಿದ್ದೀನಿ. ನನ್ನ ಮನೆಯಲ್ಲೇ ಆಗಿದೆ. ಹಾಸನದಲ್ಲಿ ಪ್ರ್ಯಾಕ್ಟೀಸ್ ಶುರು ಮಾಡಿದ ಹೊಸದರಲ್ಲಿ ನಾನೂ ಒಂದು ಬಾಲ್ ಪೈಥಾನ್ ಇಟ್ಕೊಂಡಿದ್ದೆ, ಥರ್ಮೋಸ್ಟ್ಯಾಟ್ ಇತ್ತು, ಅದರ ಪ್ರೋಬನ್ನ (ಬಿಸಿ ಅಳೆಯೋ ವೈರಿನ ತುದಿ) ಟೇಪಲ್ಲಿ ನೆಲಕ್ಕೆ ಅಂಟಿಸಿದ್ದೆ. ತೇವಕ್ಕೆ ಟೇಪ್ ಬಿಟ್ಟು ಪ್ರೋಬ್ ನೀರಿನ ಬೋಗುಣಿ ಹತ್ರ ಹೋಗಿ ಬಿದ್ದಿತ್ತು, ಅಲ್ಲಿ ತಣ್ಣಗಿದೆ ಅಂತ ಥರ್ಮೋಸ್ಟ್ಯಾಟ್ ರಾತ್ರಿಯಿಡೀ ಮ್ಯಾಟನ್ನ ಉರಿಸಿದೆ. ಬೆಳಗ್ಗೆ ನೋಡಿದ್ರೆ ಹೊಟ್ಟೆ ಅಡಿ ನಾಲ್ಕು ಪಟ್ಟಿ ಕೆಂಪಾಗಿ ನೀರು ಕಟ್ಟಿತ್ತು, ಬಿಟ್ಟ ಟೇಪಿನ ಇನ್ನೊಂದು ತುದಿ ಅದರ ಮೈಗೆ ಅಂಟಿತ್ತು, ಬಿಡಿಸೋಕೆ ಅಡುಗೆ ಎಣ್ಣೆ ಹಚ್ಚಿ ಒಂದು ಗಂಟೆ ಕೂತಿದ್ದೆ. ಗಾಯ ಪೂರ್ತಿ ವಾಸಿ ಆಗೋಕೆ ಮೂರು ಪೊರೆ ಬೇಕಾಯ್ತು. ಅವತ್ತಿಂದ ಟ್ಯಾಂಕ್ ಒಳಗೆ ಯಾವ ಅಂಟು ಟೇಪೂ ಹಾಕಿಲ್ಲ. ಪ್ರೋಬನ್ನ ಹಾವು ಎಳೆಯೋಕೆ ಆಗದ ಹಾಗೆ ಸಕ್ಷನ್ ಕ್ಲಿಪ್ಪಲ್ಲೋ ಗ್ಲೂ ಗನ್ನಲ್ಲೋ ಕೂರಿಸಿ, ಗ್ಲೂ ಪೂರ್ತಿ ಆರಿದ ಮೇಲೆ ಹಾವನ್ನ ಬಿಡಿ. ಮ್ಯಾಟಿನ ಪ್ರೋಬ್ ಮ್ಯಾಟ್ ಇರೋ ಜಾಗದ ಮೇಲೇ, ಹಾವು ಮಲಗೋ ನೆಲದ ಮೇಲೆ ಇರ್ಬೇಕು, ಸೆರಾಮಿಕ್ ಹೀಟರಿಗೆ ಬೇರೆ ಥರ್ಮೋಸ್ಟ್ಯಾಟ್, ಅದರ ಪ್ರೋಬ್ ಗಾಳಿಯಲ್ಲಿ, ಹಾವಿನ ಬೆನ್ನಿನ ಎತ್ತರಕ್ಕೆ. ತಿಂಗಳಿಗೊಮ್ಮೆ ಇನ್ಫ್ರಾರೆಡ್ ಗನ್ನಲ್ಲಿ ನೆಲದ ಬಿಸಿ ಅಳೆದು ತಾಳೆ ನೋಡಿ.

ಟ್ಯಾಂಕ್ ಈಗ. ಜಾಲರಿ ಮುಚ್ಚಳದ ನಾಲ್ಕರಲ್ಲಿ ಮೂರು ಭಾಗ ಅಕ್ರಿಲಿಕ್ ಶೀಟ್ ಹಾಕಿ ಮುಚ್ಚಿ, ಹೀಟರ್ ಇರೋ ಜಾಗದಲ್ಲಿ ಮಾತ್ರ ಶೀಟ್ ಬೇಡ, ಒಂದು ಕಡೆ ಗಾಳಿಗೆ ಬಿಡಿ. ಇದೊಂದರಿಂದಲೇ ಹತ್ತು ಹದಿನೈದು ಪರ್ಸೆಂಟ್ ಏರೋದನ್ನ ನೋಡಿದ್ದೀನಿ. ಗಾಜು ಬಿಸಿಯನ್ನ ಬಹಳ ಬೇಗ ಬಿಟ್ಟುಕೊಡತ್ತೆ, ಹಿಂದೆ ಮತ್ತು ಎರಡೂ ಪಕ್ಕಕ್ಕೆ ಹೊರಗಿನಿಂದ ಒಂದಿಂಚು ಥರ್ಮಾಕೋಲ್ ಕಟ್ಟಿ, ಮ್ಯಾಟ್ ಮತ್ತೆ ಹೀಟರ್ ಹತ್ರ ಮಾತ್ರ ಥರ್ಮಾಕೋಲ್ ಬರ್ಬಾರ್ದು. ಟ್ಯಾಂಕನ್ನ ಹೊರಗೋಡೆಗೆ ತಾಗಿಸಿ, ನೆಲದ ಮೇಲೆ ಇಡ್ಬೇಡಿ, ರೆಡ್‌ಆಕ್ಸೈಡ್ ನೆಲ ಮಳೆಗಾಲದಲ್ಲಿ ಬೆವರೋದು ನಿಮಗೆ ಗೊತ್ತೇ ಇದೆ. ಒಳಗೋಡೆ ಬದಿಗೆ, ಎರಡೂವರೆ ಅಡಿ ಎತ್ತರದ ಮೇಜಿನ ಮೇಲಿಡಿ. ಮುಂದೆ ದೊಡ್ಡದು ಮಾಡಿಸೋ ಯೋಚನೆ ಇದ್ರೆ ಗಾಜು ಬಿಟ್ಟು ಪಿವಿಸಿ ಫೋಮ್ ಬೋರ್ಡಲ್ಲಿ ನಾಲ್ಕಡಿ ಬಾಕ್ಸ್ ಮಾಡಿಸಿ, ಮುಂದೆ ಮಾತ್ರ ಜಾರೋ ಗಾಜು. ಅಡುಗೆಮನೆ ಕಬೋರ್ಡ್ ಮಾಡೋ ಯಾವ ಬಡಗಿಯೂ ಮಾಡ್ತಾರೆ. ಮಾಮೂಲಿ ಪ್ಲೈವುಡ್ ನಮ್ಮ ಕಡೆ ಎರಡು ಮಳೆಗಾಲಕ್ಕೆ ಊದಿಕೊಂಡು ಬಾಗಿಲು ಹಾಕೋಕೆ ಬರಲ್ಲ.

ಕೆಳಗೆ ಏನು ಹಾಸಿದ್ದೀರಿ ಬರೆದಿಲ್ಲ, ನ್ಯೂಸ್ ಪೇಪರ್ ಇರ್ಬಹುದು ಅಂತ ಅನ್ಸತ್ತೆ, ಸ್ಪ್ರೇ ಅಷ್ಟು ಬೇಗ ಹಾರಿ ಹೋಗ್ತಿರೋದು ನೋಡಿದ್ರೆ. ಈಗ ಕಾಯಿಲೆ ಇರೋ ತನಕ ಪೇಪರ್ರೇ ಇರ್ಲಿ, ಕ್ಲೀನ್ ಮಾಡೋಕೆ ಸುಲಭ, ಲೋಳೆ ಬಿದ್ರೆ ಕಾಣತ್ತೆ. ಗುಣ ಆದ ಮೇಲೆ ತೆಂಗಿನ ನಾರಿನ ಪುಡಿ ಮತ್ತು ಸಿಪ್ಪೆ ಚೂರು ಹಾಸಿ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ನಾರು ಬಿಡಿಸೋ ಕಡೆಯೆಲ್ಲಾ ಕೊಕೊಪೀಟ್ ಸಿಗತ್ತೆ, ಆನ್‌ಲೈನಲ್ಲಿ ದುಬಾರಿ ಕೊಟ್ಟು ತರಿಸೋ ಅಗತ್ಯ ಇಲ್ಲ, ಗೊಬ್ಬರ ಬೆರೆಸದೇ ಇರೋದು ತಗೊಂಡು ಎರಡು ಮೂರು ನೀರಲ್ಲಿ ತೊಳೆದು ಉಪ್ಪಿನಂಶ ತೆಗೆದು ಹಿಂಡಿ ಬಳಸಿ. ಕಾಫಿ ತೋಟದ ಮನೆಯವರು ಕಾಫಿ ಸಿಪ್ಪೆ ಹಾಸಬಹುದಾ ಅಂತ ಕೇಳ್ತಾರೆ, ಬೇಡ, ಧೂಳು ಜಾಸ್ತಿ, ತೇವ ತಾಗಿದ ತಕ್ಷಣ ಬೂಷ್ಟು ಹಿಡಿಯತ್ತೆ. ಸಾಮಿಲ್ಲಿನ ಹೊಟ್ಟೂ ಬೇಡ, ಅದರಲ್ಲಿ ಯಾವ ಮರ ಬೆರೆತಿರತ್ತೋ ಗೊತ್ತಿರಲ್ಲ, ದೇವದಾರು ಪೈನ್ ಥರ ಎಣ್ಣೆ ವಾಸನೆ ಇರೋ ಮರ ಹಾವಿನ ಉಸಿರಿಗೆ ಕೆಟ್ಟದ್ದು.

ಮೂರ್ನಾಲ್ಕು ಇಂಚು ದಪ್ಪ ಹಾಸಿ, ಮೇಲೆ ಸ್ಪ್ರೇ ಮಾಡೋ ಬದಲು ಟ್ಯಾಂಕಿನ ಮೂಲೆಗಳಲ್ಲಿ ನಿಧಾನಕ್ಕೆ ನೀರು ಬಿಡಿ, ಮೊದಲ ಸಲ ಎರಡು ಲೋಟ, ಆಮೇಲೆ ವಾರಕ್ಕೋ ಹತ್ತು ದಿನಕ್ಕೋ ಒಂದು ಲೋಟ. ನೀರು ತಳಕ್ಕೆ ಇಳಿದು ಅಲ್ಲಿಂದ ಮೆಲ್ಲಗೆ ಆವಿ ಆಗ್ತಾ ಇರತ್ತೆ, ಮೇಲಿನ ಪದರ ಒಣಗೇ ಇರತ್ತೆ, ಹಾವು ಮಲಗೋದು ಒಣ ಜಾಗದಲ್ಲಿ, ಉಸಿರಾಡೋದು ತೇವದ ಗಾಳಿ. ಇದೇ ಬೇಕಾಗಿರೋದು. ಕೆಳಗಿನಿಂದ ಒಂದು ಹಿಡಿ ತೆಗೆದು ಹಿಂಡಿ ನೋಡಿ, ಉಂಡೆ ಕಟ್ಬೇಕು, ಬೆರಳ ಸಂದಿಯಲ್ಲಿ ನೀರು ತೊಟ್ಟಿಕ್ಬಾರ್ದು. ತೊಟ್ಟಿಕ್ಕಿದ್ರೆ ಜಾಸ್ತಿ ಆಯ್ತು. ಮೇಲಿನ ಪದರ ಸದಾ ಒದ್ದೆ ಇದ್ರೆ ಹೊಟ್ಟೆ ಅಡಿಯ ಪಟ್ಟಿಗಳಲ್ಲಿ ಕಂದು ಕೆಂಪು ಕಲೆ ಬರೋಕೆ ಶುರು ಆಗತ್ತೆ, ಚರ್ಮ ಕೊಳೆಯೋದರ ಮೊದಲ ಗುರುತು ಅದು, ವಾರಕ್ಕೊಮ್ಮೆ ಎತ್ತಿ ಹೊಟ್ಟೆ ನೋಡೋ ಅಭ್ಯಾಸ ಇಟ್ಕೊಳ್ಳಿ. ಜೊತೆಗೆ ಒಂದು ಪ್ಲಾಸ್ಟಿಕ್ ಡಬ್ಬಿ, ಮುಚ್ಚಳದಲ್ಲಿ ಹಾವು ಹೋಗೋ ಅಷ್ಟು ತೂತು, ಒಳಗೆ ಹಿಂಡಿದ ಸ್ಪ್ಯಾಗ್ನಮ್ ಪಾಚಿ, ಬೆಚ್ಚನೆ ಬದಿಯಿಂದ ಸ್ವಲ್ಪ ಈಚೆಗಿಡಿ. ಕಣ್ಣು ನೀಲಿ ತಿರುಗಿದಾಗ ಅದೇ ಹೋಗಿ ಕೂರತ್ತೆ.

ಉಳಿದಿರೋ ಪೊರೆ ಚೂರುಗಳನ್ನ ಕಿತ್ತು ತೆಗೀಬೇಡಿ, ಕಣ್ಣಿನ ಮೇಲಿರೋದನ್ನಂತೂ ಮುಟ್ಲೇಬೇಡಿ. ಡಾಕ್ಟ್ರು ಶ್ವಾಸಕೋಶ ಸರಿ ಇದೆ ಅಂದ ಮೇಲೆ 28-30 ಡಿಗ್ರಿಯ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನ ತಲೆದಿಂಬಿನ ಚೀಲದಲ್ಲಿ ಹಾಕಿ ಹಾವನ್ನ ಅದರೊಳಗೆ ಅರ್ಧ ಗಂಟೆ ಬಿಡಿ, ಬಟ್ಟೆಗೆ ಉಜ್ಜಿಕೊಂಡು ತಾನೇ ಕಳಚಿಕೊಳ್ಳತ್ತೆ. ಬಾಲದ ತುದಿ ಮರೀಬೇಡಿ, ಅಲ್ಲಿ ಉಂಗುರದ ಹಾಗೆ ಪೊರೆ ಉಳಿದ್ರೆ ರಕ್ತ ಓಡಾಟ ನಿಂತು ತುದಿಯೇ ಒಣಗಿ ಬೀಳತ್ತೆ.

ಮೀಟರ್ ಸರಿ ಇದ್ಯಾ ಅಂತ ಮನೆಯಲ್ಲೇ ನೋಡ್ಬಹುದು. ಮುಳ್ಳಿರೋ ಗಡಿಯಾರದ ಥರದ್ದು ಬಿಸಾಕಿ, ಡಿಜಿಟಲ್ ಎರಡು ತಗೊಳ್ಳಿ. ಬಾಟ್ಲಿ ಮುಚ್ಚಳದಲ್ಲಿ ಉಪ್ಪು ಹಾಕಿ ಗಟ್ಟಿ ಹಿಟ್ಟಿನ ಥರ ಆಗೋ ಅಷ್ಟು ಮಾತ್ರ ನೀರು ಹಾಕಿ, ಮೀಟರ್ ಜೊತೆ ಜಿಪ್ ಕವರಲ್ಲಿ ಮುಚ್ಚಿ ಒಂದು ರಾತ್ರಿ ಬಿಡಿ. ಬೆಳಗ್ಗೆ 75 ತೋರಿಸ್ಬೇಕು. 70 ತೋರಿಸಿದ್ರೆ ಆ ಮೀಟರಿಗೆ ಯಾವಾಗ್ಲೂ 5 ಸೇರಿಸಿ ಓದಿ.

ಊಟದ ಬಗ್ಗೆ ಗಾಬರಿ ಬೇಡ. ಬಾಲ್ ಪೈಥಾನ್ ತಿಂಗಳುಗಟ್ಟಲೆ ಉಪವಾಸ ಇರೋ ಹಾವು, ಅದೂ ಥಂಡಿಯಲ್ಲಿ ತಿನ್ನದೇ ಇರೋದು ಅದರ ಜಾಣತನ, ಬಿಸಿ ಇಲ್ಲದೇ ಇಲಿ ಹೊಟ್ಟೆಯಲ್ಲಿ ಜೀರ್ಣ ಆಗೋ ಬದಲು ಕೊಳೆಯತ್ತೆ. ಅಡುಗೆಮನೆ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಕ ಬರೆದಿಡಿ, ಹತ್ತು ಪರ್ಸೆಂಟಿಗಿಂತ ಹೆಚ್ಚು ಇಳಿದ್ರೆ ಡಾಕ್ಟ್ರಿಗೆ ತೋರಿಸಿ. ಸದ್ದು ನಿಂತು ಬಿಸಿ ಒಂದು ವಾರ ಸ್ಥಿರವಾಗಿದ್ದ ಮೇಲೆ ಸಣ್ಣ ಇಲಿ ಕೊಟ್ಟು ನೋಡಿ, ಅದಕ್ಕೂ ಮುಂಚೆ ಬೇಡ.

ಇದೇ ಜಿಲ್ಲೆಯ ಕಡೂರು, ಈ ಕಡೆ ಅರಸೀಕೆರೆಯವರು ಓದ್ತಿದ್ರೆ, ನಿಮ್ಮ ಕಷ್ಟ ಮಾರ್ಚಿಂದ ಮೇ. ಮಧ್ಯಾಹ್ನ ರೂಮೇ 34 ದಾಟಿದ್ರೆ ಹೀಟರ್ ಬೇಡ, ತಂಪು ಬದಿ ಉಳಿಸ್ಕೊಳ್ಳೋದೇ ಕೆಲಸ, ತಳಕ್ಕೆ ಹಾಕೋ ನೀರು ವಾರಕ್ಕೆ ಎರಡು ಸಲ ಬೇಕಾಗ್ಬಹುದು. ಮೂಡಿಗೆರೆ, ಸಕಲೇಶಪುರ, ಕೊಪ್ಪ, ಶೃಂಗೇರಿಯವರಿಗೆ ಮೇಲೆ ಹೇಳಿದ್ದೆಲ್ಲಾ ಇನ್ನೂ ಒಂದು ಪಟ್ಟು ಜಾಸ್ತಿ ಅನ್ವಯ ಆಗತ್ತೆ.

ತೋಟದಲ್ಲಿ ಸಿಕ್ಕ ಹೆಬ್ಬಾವಿನ ಮರಿಗೂ ಇದೇ ಟ್ಯಾಂಕ್ ಮಾಡ್ಬಹುದಾ ಅಂತ ಒಬ್ಬರು ಹಿಂದೆ ಕೇಳಿದ್ರು. ಖಂಡಿತ ಇಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ನಮ್ಮ ಹೆಬ್ಬಾವು ಮೊದಲನೇ ಶೆಡ್ಯೂಲಲ್ಲಿದೆ, ಹಿಡಿಯೋದು ಸಾಕೋದು ಅಪರಾಧ, ಅರಣ್ಯ ಇಲಾಖೆಗೆ ಫೋನ್ ಮಾಡಿ. ಬಾಲ್ ಪೈಥಾನ್ ಹೊರದೇಶದ್ದು, ಆದ್ರೆ ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿರೋದ್ರಿಂದ ಅದೇ ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಲ್ಲಿ ನೋಂದಣಿ ಆಗ್ಬೇಕು. ನಿಮ್ಮದು ಆಗಿಲ್ಲ ಅಂದ್ರೆ ಮಾಡ್ಸಿ.

ಕೊನೆಗೆ ಕರೆಂಟ್. ಲೈನ್ ಮೇಲೆ ಮರ ಬಿದ್ರೆ ಒಂದು ದಿನವೋ ಮೂರು ದಿನವೋ, ಹೇಳೋಕಾಗಲ್ಲ. ಮನೆ ಇನ್ವರ್ಟರಿನ 150 ಎಎಚ್ ಬ್ಯಾಟರಿಯಲ್ಲಿ ಕೆಲಸಕ್ಕೆ ಬರೋದು ಸಾವಿರ ವ್ಯಾಟ್ ಅವರ್ ಆಸುಪಾಸು, 100 ವ್ಯಾಟ್ ಸೆರಾಮಿಕ್ ಹೀಟರ್ ಅದನ್ನ ಹತ್ತು ಗಂಟೆಯಲ್ಲಿ ಮುಗಿಸತ್ತೆ, 20 ವ್ಯಾಟಿನ ಮ್ಯಾಟ್ ಒಂದೇ ಆದ್ರೆ ಇನ್ವರ್ಟರ್ ತಿನ್ನೋದು ಕಳೆದೂ ಒಂದು ದಿನ ಪೂರ್ತಿ ಬರತ್ತೆ. ಹಾಗಾಗಿ ಕರೆಂಟ್ ಹೋದ ತಕ್ಷಣ ಹೀಟರ್ ತೆಗೆದು ಮ್ಯಾಟ್ ಮಾತ್ರ ಇನ್ವರ್ಟರಿಗೆ ಹಾಕಿ, ಥರ್ಮೋಸ್ಟ್ಯಾಟ್ ಸಮೇತ, ಮುಂದಿನ ಗಾಜಿಗೆ ಕಂಬಳಿ ಹೊದಿಸಿ. ಬ್ಯಾಟರಿಯೂ ಹೋದ್ರೆ ಹಾವನ್ನ ಬಟ್ಟೆ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ತೂತು ಮಾಡಿದ ಥರ್ಮಾಕೋಲ್ ಪೆಟ್ಟಿಗೆಯಲ್ಲಿಡಿ, ಪಕ್ಕದಲ್ಲಿ ಬಿಸಿನೀರಿನ ಬಾಟ್ಲಿ ದಪ್ಪ ಟವೆಲ್ಲಲ್ಲಿ ಸುತ್ತಿ ಇಡಿ, ಮೈಗೆ ತಾಗ್ಬಾರ್ದು, ಮೂರ್ನಾಲ್ಕು ಗಂಟೆಗೊಮ್ಮೆ ನೀರು ಬದಲಾಯಿಸಿ. ಬಚ್ಚಲೊಲೆ ಹತ್ರ ಬೆಚ್ಚಗಿರತ್ತೆ ಅಂತ ಅಲ್ಲಿ ಇಡ್ಬೇಡಿ, ಹೊಗೆ. ಆರೋಗ್ಯವಾಗಿರೋ ಹಾವು ಒಣಗಿರೋ ಜಾಗದಲ್ಲಿ ಒಂದು ದಿನ 21-22 ಡಿಗ್ರಿ ತಡ್ಕೊಳ್ಳತ್ತೆ, ನಿಮ್ಮದು ಈಗ ತಡ್ಕೊಳ್ಳಲ್ಲ, ಅದಕ್ಕೆ ನಾಳೆ ಡಾಕ್ಟ್ರ ಹತ್ರ ಹೋಗುವಾಗಲೂ ಇದೇ ಪೆಟ್ಟಿಗೆ, ಇದೇ ಬಾಟ್ಲಿ ಇಟ್ಕೊಂಡೇ ಹೋಗಿ, ಬೈಕಲ್ಲಿ ಬೇಡ. ಟ್ಯಾಂಕಿನ ಬೆಳಗ್ಗೆ ಐದು ಗಂಟೆಯ ಟೆಂಪರೇಚರ್ ಎಷ್ಟಿತ್ತು ಅಂತ ಒಂದು ಚೀಟಿಯಲ್ಲಿ ಬರ್ಕೊಂಡು ಹೋಗಿ, ಅವರು ಮೊದಲು ಕೇಳೋದು ಅದನ್ನೇ.